ಎಚ್-ಇಂಡೆಕ್ಸ್ ಜಾಸ್ತಿ ಇದ್ದರೆ ಒಳ್ಳೆಯದಾ? ಆಟಿಸಂ ಸಂಶೋಧಕಿ ಲೋರ್ನಾ ವಿಂಗ್ ಮತ್ತು ಉಲ್ಲೇಖಗಳ ಲೆಕ್ಕ

ಬ್ರಹ್ಮಾವರದ ಅತ್ತಿಗೆ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುವವರಲ್ಲ. ಆ ದಿನ ಮಾಡಿದರು. ಅದಕ್ಕೂ ಮೊದಲೇ ವಾಟ್ಸ್ಆ್ಯಪ್‌ಗೆ ಒಂದು ಚಿತ್ರ ಬಂದಿತ್ತು. ಆಟಿಸಂ ಬಗ್ಗೆ ಉಪನ್ಯಾಸ, ಹೊರದೇಶದ ಪ್ರೊಫೆಸರ್. ಕೋಟು ಹಾಕಿದ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ಪದವಿಗಳ ಸಾಲು. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿ ಎರಡು ಸಂಖ್ಯೆ. ಸೈಟೇಶನ್ ಇಷ್ಟು, ಎಚ್-ಇಂಡೆಕ್ಸ್ ಇಷ್ಟು.

"ನೋಡಿದ್ಯಾ?" ಅಂದರು ಅತ್ತಿಗೆ. "ಈ ಎಚ್ ಇಂಡೆಕ್ಸ್ ಅಂದ್ರೆ ಎಂತ ಮಾರಾಯ್ತಿ? ಶುಗರಿನ ಹಾಗೆ ಕಡಿಮೆ ಇದ್ರೆ ಒಳ್ಳೇದಾ, ಹಿಮೋಗ್ಲೋಬಿನ್ ಹಾಗೆ ಜಾಸ್ತಿ ಇದ್ರೆ ಒಳ್ಳೇದಾ?"

ಅವರ ಮೊಮ್ಮಗನಿಗೆ ಎರಡು ವರ್ಷ ಎಂಟು ತಿಂಗಳು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಫ್ಯಾನ್ ತಿರುಗುವುದನ್ನು ಮಾತ್ರ ಅರ್ಧ ಗಂಟೆ ಬೇಕಾದರೂ ನೋಡುತ್ತಾನೆ. ಮಕ್ಕಳ ಡಾಕ್ಟರು ಆಟಿಸಂ ತಪಾಸಣೆ ಮಾಡಿಸಿ ಎಂದಿದ್ದಾರೆ. ಅಲ್ಲಿಂದ ಮನೆಯವರೆಲ್ಲ ಫೋನಿನಲ್ಲಿ ಹುಡುಕಾಟಕ್ಕೆ ಇಳಿದಿದ್ದಾರೆ. ದೊಡ್ಡ ಸಂಖ್ಯೆ ಇರುವವರು ದೊಡ್ಡ ಡಾಕ್ಟರು, ಅವರಿಗೊಮ್ಮೆ ಮಗುವನ್ನು ತೋರಿಸಿದರೆ ಆಯಿತು ಎಂಬ ಲೆಕ್ಕ ಅತ್ತಿಗೆಯದು.

ನಾನು ಮಂಗಳೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಎಂದಾಗಲೆಲ್ಲ ಮೇಷ್ಟ್ರುಗಳ ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಎಂದು ಪಟ್ಟಿ ಮಾಡುವ ಕೆಲಸ ನಮ್ಮ ತಲೆಗೇ ಬರುತ್ತದೆ. ಹಾಗಾಗಿ ಈ ಸಂಖ್ಯೆಗಳ ಪರಿಚಯ ನನಗೆ ಚೆನ್ನಾಗಿ ಉಂಟು. ಫೋನಿನಲ್ಲಿ ಅತ್ತಿಗೆಗೆ ಹೇಳಿದ್ದು ಅರ್ಧಂಬರ್ಧ. ಇಲ್ಲಿ ಪೂರ್ತಿ ಬರೆದಿದ್ದೇನೆ. ಸುಮ್ನೆ ಲೆಕ್ಕ ಹೇಳಿದರೆ ತಲೆಗೆ ಹೋಗುವುದಿಲ್ಲ, ಅಲ್ವಾ? ಅದಕ್ಕೇ ಲೋರ್ನಾ ವಿಂಗ್ ಎಂಬ ಒಬ್ಬ ಸಂಶೋಧಕಿಯ ಬದುಕನ್ನು ಹಿಡಿದುಕೊಂಡು ಹೇಳುತ್ತೇನೆ.

ಮೊದಲು ಆಟಿಸಂ ಬಗ್ಗೆ ಎರಡು ಮಾತು

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಆಸ್ಪತ್ರೆಯಲ್ಲೂ ಮನೆಯಲ್ಲೂ ಜನ ಆಡುವ ಮಾತು ಆಟಿಸಂ ಎಂದೇ. ಇದು ಅಂಟುವ ಕಾಯಿಲೆ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಬೇರೆಯವರ ಜೊತೆ ಬೆರೆಯುವುದು, ಮಾತು ಮತ್ತು ಸನ್ನೆಯಿಂದ ಹೇಳಿಕೊಳ್ಳುವುದು ಇಂಥ ಮಕ್ಕಳಿಗೆ ಕಷ್ಟವಾಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು, ಕೆಲವು ಸದ್ದು ಅಥವಾ ಸ್ಪರ್ಶ ಸಹಿಸಲಾಗದಿರುವುದು ಕೂಡ ಇರುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣ.

2018ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನ ಉತ್ತರ ಗೋವಾವೂ ಸೇರಿ ಐದು ಜಾಗಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿತು. ಅಲ್ಲಿ ಆಟಿಸಂ ಕಂಡದ್ದು ಸುಮಾರು ನೂರಕ್ಕೆ ಒಂದು ಮಗುವಿನಲ್ಲಿ. ಐವತ್ತು ವರ್ಷದ ಹಿಂದೆ ಯಾರಾದರೂ ಈ ಸಂಖ್ಯೆ ಹೇಳಿದ್ದರೆ ಡಾಕ್ಟರುಗಳೇ ನಂಬುತ್ತಿರಲಿಲ್ಲ. ಅವರು ನಂಬುವಂತಾದ ಕತೆಯಲ್ಲೇ ಲೋರ್ನಾ ವಿಂಗ್ ಬರುತ್ತಾರೆ.

ಸೈಟೇಶನ್: ವಕೀಲರಿಗೆ ಗೊತ್ತಿರುವ ಮಾತು

ಮಂಗಳೂರಿನ ಕೋರ್ಟಿನಲ್ಲಿ ವಾದ ಮಾಡುವ ಯಾವ ವಕೀಲರನ್ನು ಬೇಕಾದರೂ ಕೇಳಿ, 'ಸೈಟೇಶನ್' ಎಂದರೆ ಏನೆಂದು ಹೇಳುತ್ತಾರೆ. "ಇಂಥ ವರ್ಷ ಇಂಥ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೀಗೆ ತೀರ್ಪು ಕೊಟ್ಟಿದೆ ಸ್ವಾಮಿ" ಎಂದು ಹಳೆಯ ತೀರ್ಪನ್ನು ಮುಂದಿಡುವುದು. ಸಂಶೋಧನೆಯಲ್ಲೂ ಅದೇ. ಹೊಸ ಲೇಖನ ಬರೆಯುವವರು ಯಾವ ಯಾವ ಹಳೆಯ ಲೇಖನದ ಮೇಲೆ ನಿಂತು ಮಾತಾಡುತ್ತಿದ್ದೇವೆ ಎಂದು ಹೇಳಲೇಬೇಕು. ಕನ್ನಡದಲ್ಲಿ ಅದು ಉಲ್ಲೇಖ.

ಕಣ್ಣಿಗೆ ಅದು ಹೀಗೆ ಕಾಣುತ್ತದೆ. ಲೇಖನದ ನಡುವೆ ಒಂದು ವಾಕ್ಯ: "ಈ ಮಕ್ಕಳಲ್ಲಿ ಮೂರು ಬಗೆಯ ತೊಂದರೆ ಒಟ್ಟೊಟ್ಟಿಗೇ ಕಾಣುತ್ತದೆ (ವಿಂಗ್ ಮತ್ತು ಗೂಲ್ಡ್, 1979)." ಆವರಣದೊಳಗಿನ ಆ ಎರಡು ಹೆಸರು, ಒಂದು ವರ್ಷ ಸೇರಿ ಒಂದು ಉಲ್ಲೇಖ. ಲೇಖನದ ಕೊನೆಯಲ್ಲಿ ಅದರ ಪೂರ್ತಿ ವಿಳಾಸ ಇರುತ್ತದೆ. ಇಂಥ ವಿಳಾಸಗಳನ್ನೆಲ್ಲ ಓದಿ ಕಂಪ್ಯೂಟರ್ ಕೂಡಿಸುತ್ತಾ ಹೋಗುತ್ತದೆ. 1979ರ ಆ ಲೇಖನವನ್ನು ಇಲ್ಲಿಯವರೆಗೆ ಎಷ್ಟು ಬೇರೆ ಲೇಖನಗಳು ನೆನೆದಿವೆಯೋ ಅದೇ ಅದರ ಸೈಟೇಶನ್ ಸಂಖ್ಯೆ.

ಈ ಲೆಕ್ಕವನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ವಿಜ್ಞಾನದ ಉಲ್ಲೇಖಗಳ ಅವರ ಸೂಚಿ ಬಂದದ್ದು 1964ರಲ್ಲಿ. ಅವರಿಗೆ ದಾರಿ ತೋರಿಸಿದ್ದು ಅಲ್ಲಿನ ವಕೀಲರು ಹಳೆಯ ತೀರ್ಪು ಹುಡುಕಲು ಬಳಸುತ್ತಿದ್ದ ಪುಸ್ತಕಗಳೇ. ಯಾರು ದೊಡ್ಡವರು, ಯಾರು ಸಣ್ಣವರು ಎಂದು ತೂಗುವುದು ಆಗಿನ ಮುಖ್ಯ ಉದ್ದೇಶ ಆಗಿರಲಿಲ್ಲ. ಒಂದು ಲೇಖನ ಸಿಕ್ಕರೆ, ಅದರ ಬಾಲ ಹಿಡಿದು ಸಂಬಂಧಪಟ್ಟ ಬೇರೆ ಲೇಖನ ಹುಡುಕಬಹುದು ಎಂಬುದು ಆಸೆ. ಲೈಬ್ರರಿಯವರಿಗೆಂದೇ ಮಾಡಿದ ವಸ್ತು ಎನ್ನಬಹುದು. ಅದು ಪ್ರಮೋಶನ್ ತಕ್ಕಡಿ ಆದದ್ದು ಆಮೇಲೆ.

ಲೋರ್ನಾ ವಿಂಗ್ ಯಾರು?

ಲೋರ್ನಾ ಹುಟ್ಟಿದ್ದು 1928ರಲ್ಲಿ, ಇಂಗ್ಲೆಂಡಿನಲ್ಲಿ. ಓದಿದ್ದು ಡಾಕ್ಟರಿಕೆ, ಆಮೇಲೆ ಮನೋವೈದ್ಯಕೀಯ. ಗಂಡ ಜಾನ್ ವಿಂಗ್ ಕೂಡ ಮನೋವೈದ್ಯರೇ. 1956ರಲ್ಲಿ ಮಗಳು ಸೂಸಿ ಹುಟ್ಟಿದಳು. ಮಗು ಬೇರೆ ಮಕ್ಕಳ ಹಾಗಿಲ್ಲ ಎಂದು ಇಬ್ಬರಿಗೂ ಅನಿಸುತ್ತಿತ್ತು. ಏನೆಂದು ಗೊತ್ತಾಗಲಿಲ್ಲ. ಇಬ್ಬರು ಮನೋವೈದ್ಯರಿರುವ ಮನೆಯಲ್ಲೇ! ಜಾನ್ ಒಂದು ಉಪನ್ಯಾಸ ಕೇಳಿ ಬಂದ ಮೇಲೆ ಅದು ಆಟಿಸಂ ಎಂದು ತಿಳಿಯಿತು. ಆಗ ಸೂಸಿಗೆ ಮೂರು ವರ್ಷ.

(ಇದನ್ನು ಹೇಳಿದಾಗ ಅತ್ತಿಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರಿಗೇ ಗೊತ್ತಾಗ್ಲಿಲ್ವಾ?" ಅಂದರು.)

ಆ ಕಾಲದಲ್ಲಿ ಆಟಿಸಂ ಎಂದರೆ ಲಿಯೋ ಕ್ಯಾನರ್ ಹೇಳಿದ್ದು. ಅಮೆರಿಕದಲ್ಲಿದ್ದ ಈ ವೈದ್ಯರು 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಿದ್ದರು. ಅವರು ಕೊಟ್ಟ ಚಿತ್ರ ಬಹಳ ಇಕ್ಕಟ್ಟಿನದು. ಅದಕ್ಕೆ ಸರಿಯಾಗಿ ಹೊಂದುವ ಮಗು ಸಿಗುವುದೇ ಅಪರೂಪ. 1966ರಲ್ಲಿ ಲಂಡನ್ ಹತ್ತಿರ ವಿಕ್ಟರ್ ಲಾಟರ್ ಎಣಿಸಿದಾಗ ಸಿಕ್ಕಿದ್ದು 10,000 ಮಕ್ಕಳಲ್ಲಿ ನಾಲ್ಕೈದು. ಇನ್ನೊಂದು ಕಡೆ, ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದ್ದರಿಂದ ಹೀಗಾಗುತ್ತದೆ ಎಂಬ ಮಾತು ಬೇರೆ. ಡಾಕ್ಟರುಗಳೇ ಹಾಗೆ ಬರೆಯುತ್ತಿದ್ದರು. ಆ ಬರಹಗಳಿಗೂ ಆಗ ಉಲ್ಲೇಖ ಬೇಕಾದಷ್ಟು ಸಿಗುತ್ತಿತ್ತು.

1962ರಲ್ಲಿ ಲೋರ್ನಾ ಬೇರೆ ಕೆಲವು ಹೆತ್ತವರ ಜೊತೆ ಸೇರಿ ಒಂದು ಸಂಘ ಕಟ್ಟಿದರು. ಇವತ್ತು ಬ್ರಿಟನ್ನಿನ ನ್ಯಾಶನಲ್ ಆಟಿಸ್ಟಿಕ್ ಸೊಸೈಟಿ ಎಂದು ಹೆಸರಾದದ್ದು ಅದೇ. ಅವರ ಸಂಶೋಧನೆ ನಡೆದದ್ದು ಲಂಡನ್ನಿನ ಮನೋವೈದ್ಯಕೀಯ ಸಂಸ್ಥೆಯಲ್ಲಿ.

ಅವರ ಹೆಸರು ಉಳಿದದ್ದು ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಬಡಾವಣೆಯ ಅಧ್ಯಯನದಿಂದ. ಅಲ್ಲಿ 15 ವರ್ಷದೊಳಗಿನ ಮಕ್ಕಳು ಸುಮಾರು 35,000. ವಿಂಗ್ ಮತ್ತು ಅವರ ಸಹೋದ್ಯೋಗಿ ಜೂಡಿತ್ ಗೂಲ್ಡ್ ಕ್ಯಾನರ್ ಪಟ್ಟಿ ಹಿಡಿದು ಮಕ್ಕಳನ್ನು ಹುಡುಕಲಿಲ್ಲ. ಯಾವುದೇ ತೊಂದರೆ ಇದೆ ಎಂದು ಆಸ್ಪತ್ರೆ, ಶಾಲೆ, ಸಮಾಜ ಸೇವಾ ಇಲಾಖೆಗಳಿಗೆ ಗೊತ್ತಿದ್ದ ಮಕ್ಕಳನ್ನೆಲ್ಲ ನೋಡಲು ಹೊರಟರು. ಮಲ್ಪೆಯಲ್ಲಿ ಬಂಗುಡೆ ಮಾತ್ರ ಎಣಿಸುವ ಬದಲು ಬಲೆಗೆ ಬಿದ್ದದ್ದನ್ನೆಲ್ಲ ದಕ್ಕೆಗೆ ಸುರಿದು ನೋಡಿದ ಹಾಗೆ.

ಏನು ಕಂಡಿತು? ಕ್ಯಾನರ್ ಚಿತ್ರಕ್ಕೆ ಹೊಂದುವವರು 10,000ಕ್ಕೆ ಐದು ಮಂದಿ. ಆದರೆ ಬೆರೆಯುವುದು, ಹೇಳಿಕೊಳ್ಳುವುದು, ಕಲ್ಪಿಸಿಕೊಂಡು ಆಡುವುದು ಈ ಮೂರರಲ್ಲೂ ತೊಂದರೆ ಇರುವವರು 10,000ಕ್ಕೆ 21. ನಾಲ್ಕು ಪಟ್ಟು! ಅವರಲ್ಲೂ ಮೂರು ಬಗೆ. ಕೆಲವರು ಯಾರ ಹತ್ತಿರವೂ ಹೋಗದೆ ದೂರ ಉಳಿಯುವವರು. ಕೆಲವರು ತಾವಾಗಿ ಬರುವುದಿಲ್ಲ, ಕರೆದರೆ ಬಂದು ಕೂರುತ್ತಾರೆ. ಇನ್ನು ಕೆಲವರು ತಾವಾಗಿಯೇ ಬಂದು ಮಾತಾಡುತ್ತಾರೆ, ಆದರೆ ಕೇಳುವವನಿಗೆ ಬೇಕಾ ಬೇಡವಾ ಎಂದು ನೋಡದೆ ಒಂದೇ ವಿಷಯ ಹೇಳುತ್ತಾ ಹೋಗುತ್ತಾರೆ. ಈ ಮೂರನೆಯವರನ್ನು ನಾವು ಎಲ್ಲರೂ ನೋಡಿದ್ದೇವೆ. ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳ ಹೆಸರು, ಟೈಮು ಎಲ್ಲ ಬಾಯಿಪಾಠ ಇರುವ ಹುಡುಗ ನಮ್ಮ ಓಣಿಯಲ್ಲೂ ಒಬ್ಬ ಇದ್ದ. ಅವನಿಗೆ ಆಟಿಸಂ ಇತ್ತೋ ಇಲ್ಲವೋ ನಾನು ಹೇಳಲಾರೆ. ಆಗ ಕೇಳುವವರೂ ಇರಲಿಲ್ಲ.

1979ರ ಆ ಲೇಖನದಿಂದ ಒಂದು ಯೋಚನೆ ಬೆಳೆಯಿತು. ಆಟಿಸಂ ಎಂಬುದು ಇದೆ ಅಥವಾ ಇಲ್ಲ ಎನ್ನುವ ಸ್ವಿಚ್ಚಿನ ಹಾಗಲ್ಲ, ಕಡಿಮೆಯಿಂದ ಜಾಸ್ತಿಯವರೆಗೆ ಹರಡಿದ ಸಾಲು. ಡಾಕ್ಟರು ಚೀಟಿಯಲ್ಲಿ ಬರೆಯುವ 'ಸ್ಪೆಕ್ಟ್ರಮ್' ಎಂಬ ಮಾತು ಆಟಿಸಂಗೆ ಅಂಟಿಕೊಂಡದ್ದು ವಿಂಗ್ ಅವರಿಂದ.

ಒಂದು ಲೇಖನ ಇನ್ನೊಂದನ್ನು ಎಬ್ಬಿಸಿದ್ದು

1944ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಎಂಬ ವೈದ್ಯರು ನಾಲ್ಕು ಹುಡುಗರ ಬಗ್ಗೆ ಜರ್ಮನ್ ಭಾಷೆಯಲ್ಲಿ ಬರೆದಿದ್ದರು. ಚೆನ್ನಾಗಿ ಮಾತಾಡುವ, ಆದರೆ ಜನರ ಜೊತೆ ಹೊಂದಲಾಗದ ಹುಡುಗರು. ಮೂವತ್ತೇಳು ವರ್ಷ ಇಂಗ್ಲಿಷ್ ಲೋಕದಲ್ಲಿ ಅದನ್ನು ಓದಿದವರು ಬೆರಳೆಣಿಕೆಯಷ್ಟು. 1981ರಲ್ಲಿ ವಿಂಗ್ 34 ಮಂದಿಯ ವಿವರ ಕೊಟ್ಟು, ಆಸ್ಪರ್ಗರ್ ಹೇಳಿದ್ದು ಇಂಥವರನ್ನೇ ಎಂದು ಬರೆದರು. 'ಆಸ್ಪರ್ಗರ್ ಸಿಂಡ್ರೋಮ್' ಎಂಬ ಹೆಸರು ಚಾಲ್ತಿಗೆ ಬಂತು. ವಿಂಗ್ ಅವರ ಆ ಲೇಖನವನ್ನು ಮುಂದೆ ಸಾವಿರಾರು ಲೇಖನಗಳು ಉಲ್ಲೇಖಿಸಿದವು. 1991ರಲ್ಲಿ ಮನೋವಿಜ್ಞಾನಿ ಊಟಾ ಫ್ರಿತ್ ಆಸ್ಪರ್ಗರ್ ಬರಹವನ್ನು ಇಂಗ್ಲಿಷಿಗೆ ತಂದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆ ಹೆಸರೇ ಒಂದು ರೋಗನಿರ್ಣಯವಾಯಿತು.

ಯಕ್ಷಗಾನ ನೋಡುವವರಿಗೆ ಇದು ಹೊಸದಲ್ಲ. ಓಲೆಗರಿಯಲ್ಲೋ ಹಳೆ ನೋಟ್‌ಬುಕ್ಕಿನಲ್ಲೋ ಬಿದ್ದಿದ್ದ ಪ್ರಸಂಗವನ್ನು ಯಾರೋ ಭಾಗವತರು ತೆಗೆದು ರಂಗಕ್ಕೆ ತರುತ್ತಾರೆ. ಆಮೇಲೆ ಎಲ್ಲ ಮೇಳದವರೂ ಅದನ್ನೇ ಆಡುತ್ತಾರೆ.

ರಂಗಕ್ಕೆ ತರುವವರು ಸಿಗದಿದ್ದರೆ? ಗ್ರುನ್ಯಾ ಸುಖರೇವಾ ಎಂಬ ಸೋವಿಯತ್ ವೈದ್ಯೆ ಆರು ಹುಡುಗರ ಬಗ್ಗೆ 1925ರಲ್ಲೇ ರಷ್ಯನ್‌ನಲ್ಲಿ ಬರೆದರು, ಮರುವರ್ಷ ಜರ್ಮನ್‌ನಲ್ಲಿ. ಇವತ್ತಿನ ಕಣ್ಣಿನಿಂದ ಓದಿದರೆ ಅದು ಆಟಿಸಂನದೇ ವಿವರ. ಕ್ಯಾನರ್‌ಗಿಂತ ಹದಿನೆಂಟು ವರ್ಷ ಮೊದಲು! ಇಂಗ್ಲಿಷಿಗೆ ಬಂದದ್ದು 1996ರಲ್ಲಿ. ಅಲ್ಲಿಯವರೆಗೆ ಉಲ್ಲೇಖದ ಲೆಕ್ಕದಲ್ಲಿ ಆಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೆಲಸ ಚಿಕ್ಕದಾಗಿರಲಿಲ್ಲ, ಭಾಷೆ ಬೇರೆಯಾಗಿತ್ತು.

ಎಚ್-ಇಂಡೆಕ್ಸ್: ಪ್ರಸಂಗಕರ್ತನ ಲೆಕ್ಕ

ಈಗ ಅತ್ತಿಗೆಯ ಪ್ರಶ್ನೆಗೆ ಬರೋಣ. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹರ್ಷ್ ಈ ಲೆಕ್ಕ ಮುಂದಿಟ್ಟರು. ಒಟ್ಟು ಸೈಟೇಶನ್ ನೋಡಿದರೆ ಒಂದೇ ಲೇಖನದಿಂದ ಬಂದ ಹೆಸರೂ ದೊಡ್ಡದಾಗಿ ಕಾಣುತ್ತದೆ. ಬರೀ ಲೇಖನಗಳ ಸಂಖ್ಯೆ ನೋಡಿದರೆ ಯಾರೂ ಓದದ್ದನ್ನು ರಾಶಿ ಹಾಕಿದವರು ಗೆಲ್ಲುತ್ತಾರೆ. ಎರಡನ್ನೂ ಸೇರಿಸಿ ಒಂದು ಸಂಖ್ಯೆ ಬೇಕಿತ್ತು.

ಒಬ್ಬ ಪ್ರಸಂಗಕರ್ತ ಐದು ಪ್ರಸಂಗ ಬರೆದಿದ್ದಾನೆ ಅಂದುಕೊಳ್ಳಿ. ಮೇಳಗಳು ಅವನ್ನು ಆಡಿದ್ದು ಹೀಗೆ: ಒಂದು 40 ಆಟ, ಇನ್ನೊಂದು 12, ಮತ್ತೊಂದು 5, ಆಮೇಲಿನದು 4, ಕೊನೆಯದು 2. ದೊಡ್ಡದರಿಂದ ಸಣ್ಣದಕ್ಕೆ ಬರೆದು ಪಕ್ಕದಲ್ಲಿ 1, 2, 3 ಎಂದು ನಂಬರ್ ಹಾಕಿ. ನಾಲ್ಕನೆಯ ಪ್ರಸಂಗಕ್ಕೆ ಕನಿಷ್ಠ 4 ಆಟ ಇದೆಯಾ? ಇದೆ. ಐದನೆಯದಕ್ಕೆ 5 ಇದೆಯಾ? ಇಲ್ಲ, ಎರಡೇ. ಅಲ್ಲಿಗೆ ನಿಲ್ಲಿಸಿ. ಅವನ ಎಚ್-ಇಂಡೆಕ್ಸ್ 4. ಸಂಶೋಧಕರಿಗೆ ಪ್ರಸಂಗದ ಜಾಗದಲ್ಲಿ ಲೇಖನ, ಆಟದ ಜಾಗದಲ್ಲಿ ಉಲ್ಲೇಖ. ಎಚ್-ಇಂಡೆಕ್ಸ್ 30 ಎಂದರೆ ತಲಾ 30 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಪಡೆದ 30 ಲೇಖನಗಳಿವೆ ಎಂದರ್ಥ.

ಈಗ ಮೊದಲನೆಯ ಪ್ರಸಂಗ 40ರ ಬದಲು 4,000 ಆಟ ಕಂಡಿತು ಅಂದುಕೊಳ್ಳಿ. ಊರಿಗೆ ಊರೇ ಅದರ ಪದ ಹಾಡುತ್ತಿದೆ. ಎಚ್-ಇಂಡೆಕ್ಸ್ ಎಷ್ಟು? ಆಗಲೂ 4. ವಿಂಗ್ ಅವರ 1981ರ ಲೇಖನದಂಥದ್ದು ಈ ಲೆಕ್ಕದಲ್ಲಿ ಸಾಮಾನ್ಯ ಲೇಖನದ ಪಕ್ಕದಲ್ಲೇ ಕೂರುತ್ತದೆ. ಒಂದು ಕಾಯಿಲೆಯ ಅರ್ಥವೇ ಬದಲಾದದ್ದು ಅದರೊಳಗೆ ಕಾಣುವುದಿಲ್ಲ.

ಇನ್ನೊಂದು ಗುಣ. ಮೇಳಗಳಿಗೆ ಪತ್ತನಾಜೆ ಉಂಟು, ಗೆಜ್ಜೆ ಬಿಚ್ಚುತ್ತಾರೆ, ತಿರುಗಾಟ ಮುಗಿಯುತ್ತದೆ. ಎಚ್-ಇಂಡೆಕ್ಸಿಗೆ ಪತ್ತನಾಜೆ ಇಲ್ಲ. ಅದು ಏರಬಹುದು, ನಿಲ್ಲಬಹುದು, ಇಳಿಯುವುದು ಮಾತ್ರ ಕಷ್ಟ. ನಿವೃತ್ತಿ ಆದ ಮೇಲೂ, ಸತ್ತ ಮೇಲೂ ಏರುತ್ತದೆ. ಲೋರ್ನಾ ವಿಂಗ್ ತೀರಿಕೊಂಡದ್ದು 2014ರಲ್ಲಿ. ಅವರ ಲೇಖನಗಳಿಗೆ ಉಲ್ಲೇಖ ಇವತ್ತೂ ಬೀಳುತ್ತಿದೆ. ಹಾಗಾಗಿ ವಯಸ್ಸಾದ ಪ್ರೊಫೆಸರ್ ಮತ್ತು ಹೊಸದಾಗಿ ಪಿಎಚ್‌ಡಿ ಮುಗಿಸಿದವರನ್ನು ಈ ಸಂಖ್ಯೆಯಿಂದ ಹೋಲಿಸುವುದರಲ್ಲಿ ಅರ್ಥವಿಲ್ಲ. ಬೇರೆ ಬೇರೆ ವಿಷಯದವರನ್ನು ಹೋಲಿಸುವುದರಲ್ಲೂ ಇಲ್ಲ. ವೈದ್ಯಕೀಯದಲ್ಲಿ ಬರೆಯುವವರು ಜಾಸ್ತಿ, ಉಲ್ಲೇಖಗಳೂ ಜಾಸ್ತಿ. ತುಳು ಭಾಷಾಶಾಸ್ತ್ರದಲ್ಲಿ ಜೀವಮಾನವಿಡೀ ದುಡಿದವರ ಸಂಖ್ಯೆ ಒಂದಂಕಿ ದಾಟದಿರಬಹುದು.

ಉಲ್ಲೇಖ ಎಣಿಸುವ ಜಾಲತಾಣಗಳೂ ಬೇರೆ ಬೇರೆ. ಗೂಗಲ್ ಸ್ಕಾಲರ್‌ನಲ್ಲಿ ಒಂದು ಸಂಖ್ಯೆ, ಸ್ಕೋಪಸ್‌ನಲ್ಲಿ ಇನ್ನೊಂದು ಇರುತ್ತದೆ. ಸುಳ್ಳು ಅಂದುಕೊಳ್ಳಬೇಡಿ. ಗೂಗಲ್ ಪುಸ್ತಕ, ಪ್ರಬಂಧ, ಕರಡು ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಸ್ಕೋಪಸ್ ಆರಿಸಿದ ಪತ್ರಿಕೆಗಳನ್ನು ಮುಖ್ಯವಾಗಿ ನೋಡುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಹಾಕುವುದು ಸಾಮಾನ್ಯವಾಗಿ ಯಾವುದು ದೊಡ್ಡದೋ ಅದನ್ನು. ನಾನೂ ಪಟ್ಟಿ ಮಾಡುವಾಗ ಅದನ್ನೇ ಹಾಕುತ್ತೇನೆ, ಮೇಷ್ಟ್ರು ಬಂದು ಪಕ್ಕದಲ್ಲೇ ನಿಂತಿರುತ್ತಾರೆ!

ಹರಕೆ ಆಟದಂಥ ಉಲ್ಲೇಖಗಳು

ಕಟೀಲು ಮೇಳದ ಹರಕೆ ಆಟ ಎಂದರೆ ಹೆಚ್ಚಾಗಿ 'ದೇವಿ ಮಹಾತ್ಮೆ'ಯೇ. ಅದು ಎಷ್ಟು ಸಲ ಆಗಿದೆ ಎಂದು ಎಣಿಸಿ, ಬೇರೆ ಪ್ರಸಂಗಗಳು ಅಷ್ಟು ಚೆನ್ನಾಗಿಲ್ಲ ಎಂದು ಹೇಳಲಾಗುವುದಿಲ್ಲ. ಹರಕೆ ಇರುವುದೇ ಅದಕ್ಕೆ.

ಆಟಿಸಂ ಸಂಶೋಧನೆಯಲ್ಲೂ ಹೀಗೇ. ಮಗುವಿನ ಜೊತೆ ಆಟವಾಡುತ್ತಾ, ಗಮನಿಸುತ್ತಾ ಅಂಕ ಹಾಕುವ 'ಎಡಿಒಎಸ್' ಎಂಬ ಪರೀಕ್ಷೆ ಇದೆ. ಕ್ಯಾಥರಿನ್ ಲಾರ್ಡ್ ಮತ್ತು ಸಂಗಡಿಗರು ರೂಪಿಸಿದ್ದು. ಜಗತ್ತಿನಲ್ಲಿ ಯಾರೇ ಅದನ್ನು ಬಳಸಿದರೂ ಅದನ್ನು ವಿವರಿಸಿದ ಲೇಖನವನ್ನು ಉಲ್ಲೇಖಿಸಲೇಬೇಕು. ಒಳ್ಳೆಯ ಉಪಕರಣ ಮಾಡಿದವರಿಗೆ ಹೀಗೆ ಉಲ್ಲೇಖ ಸುರಿಯುತ್ತಾ ಹೋಗುತ್ತದೆ. ಅದು ಅವರಿಗೆ ಸಲ್ಲಬೇಕಾದದ್ದೇ. ಆದರೆ ಹೊಸ ಯೋಚನೆ ಕೊಟ್ಟವರ ಸಂಖ್ಯೆಯ ಪಕ್ಕ ಇಟ್ಟು ತೂಗುವುದಕ್ಕೆ ಬರುವುದಿಲ್ಲ.

ಬೈದರೂ ಉಲ್ಲೇಖವೇ

ಆ್ಯಂಡ್ರೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯರು 1998ರಲ್ಲಿ ಬೇರೆ ಕೆಲವರ ಜೊತೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 12 ಮಕ್ಕಳ ಬಗ್ಗೆ ಬರೆದರು. ದಡಾರ, ಕೆಪ್ಪಟೆ, ರುಬೆಲ್ಲಾಕ್ಕೆ ಸೇರಿಸಿ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಎಂಬ ಗುಮಾನಿ ಅಲ್ಲಿಂದ ಹುಟ್ಟಿತು. ಸಂಬಂಧ ಇಲ್ಲ ಎಂದು ದೇಶ ದೇಶಗಳ ಅಧ್ಯಯನಗಳು ತೋರಿಸಿದವು. 2019ರ ಡೆನ್ಮಾರ್ಕ್ ಅಧ್ಯಯನದಲ್ಲಿದ್ದ ಮಕ್ಕಳೇ ಆರೂವರೆ ಲಕ್ಷಕ್ಕೂ ಜಾಸ್ತಿ. 2010ರ ಫೆಬ್ರವರಿಯಲ್ಲಿ ಪತ್ರಿಕೆ ಆ ಲೇಖನವನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಮಂಡಳಿ ವೇಕ್‌ಫೀಲ್ಡ್ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿತು.

ಆದರೂ ಆ ಲೇಖನ ಆಟಿಸಂ ಬಗ್ಗೆ ಬಹಳ ಉಲ್ಲೇಖ ಪಡೆದ ಬರಹಗಳಲ್ಲಿ ಒಂದು. ಅದು ತಪ್ಪು ಎಂದು ಬರೆಯಬೇಕಾದರೂ ಅದರ ಹೆಸರು ಹೇಳಬೇಕಲ್ಲ! 2019ರಲ್ಲಿ ಅಮೆರಿಕದ ಒಂದು ತಂಡ ಅದನ್ನು ಉಲ್ಲೇಖಿಸಿದ ಸಾವಿರಕ್ಕೂ ಹೆಚ್ಚು ಬರಹಗಳನ್ನು ಒಂದೊಂದಾಗಿ ಓದಿತು. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಉಲ್ಲೇಖಗಳು ಟೀಕೆಯವು. (ಆ ಕೆಲಸ ಮುನ್ನಡೆಸಿದ್ದು ಒಬ್ಬ ಲೈಬ್ರೇರಿಯನ್. ನಮ್ಮವರು!) ಕಂಪ್ಯೂಟರಿಗೆ ಮಾತ್ರ ಹೊಗಳಿಕೆಯೂ ಒಂದೇ, ಬೈಗುಳವೂ ಒಂದೇ. ಎರಡಕ್ಕೂ ಒಂದೊಂದು ಅಂಕ.

ಆಸ್ಪರ್ಗರ್‌ಗೂ ಹೀಗೇ ಆಯಿತು. 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ಹಳೆಯ ದಾಖಲೆಗಳನ್ನು ತೆಗೆದು, ಅಂಗವೈಕಲ್ಯ ಇದ್ದ ಮಕ್ಕಳನ್ನು ನಾಜಿಗಳು ಕೊಲ್ಲುತ್ತಿದ್ದ ವಿಯೆನ್ನಾದ ಒಂದು ಆಸ್ಪತ್ರೆಗೆ ಆಸ್ಪರ್ಗರ್ ಮಕ್ಕಳನ್ನು ಕಳಿಸಿದ್ದರು ಎಂದು ತೋರಿಸಿದರು. ಆಮೇಲೆ ಆ ಹೆಸರು ಬರುವ ಬರಹಗಳಲ್ಲಿ ಈ ವಿಷಯದ ಚರ್ಚೆಯೂ ಸೇರಿಕೊಂಡಿತು. ಅಂಥ ಚರ್ಚೆಯಲ್ಲಿ ಬರುವ ಉಲ್ಲೇಖಕ್ಕೂ ಒಂದು ಅಂಕವೇ.

ತಮ್ಮದೇ ಮೇಳ, ತಮ್ಮದೇ ಪ್ರಸಂಗ

ತನ್ನ ಹಳೆಯ ಲೇಖನವನ್ನು ತಾನೇ ಉಲ್ಲೇಖಿಸುವುದು ತಪ್ಪಲ್ಲ. ಹಿಂದಿನ ಕೆಲಸವನ್ನು ಮುಂದುವರಿಸುವವರು ಹಾಗೆ ಮಾಡಲೇಬೇಕು. ಮಿತಿ ಮೀರಿದರೆ ಅದು ಸ್ವಂತ ಮೇಳದಲ್ಲಿ ಸ್ವಂತ ಪ್ರಸಂಗ ಆಡಿಸಿ ಆಟ ಎಣಿಸಿದ ಹಾಗೆ. ಆಟಿಸಂ ಕ್ಷೇತ್ರದಲ್ಲೇ ಇದು ನಡೆದಿದೆ. ಒಬ್ಬ ಪ್ರೊಫೆಸರ್ ತಾವೇ ಸಂಪಾದಕರಾಗಿದ್ದ ಪತ್ರಿಕೆಗಳಲ್ಲಿ ತಮ್ಮದೇ ಲೇಖನಗಳನ್ನು ರಾಶಿ ಪ್ರಕಟಿಸಿದ್ದನ್ನು, ತಮ್ಮನ್ನೇ ತಾವು ಬಹಳ ಉಲ್ಲೇಖಿಸಿಕೊಂಡದ್ದನ್ನು 2015ರಲ್ಲಿ ಆಕ್ಸ್‌ಫರ್ಡಿನ ಡಾರತಿ ಬಿಷಪ್ ಎತ್ತಿ ತೋರಿಸಿದರು.

ನಮ್ಮ ಪೇಪರುಗಳಲ್ಲಿ ವರ್ಷಕ್ಕೊಮ್ಮೆ ಬರುವ ಒಂದು ಸುದ್ದಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 'ವಿಶ್ವದ ಶೇ. 2 ವಿಜ್ಞಾನಿಗಳ ಪಟ್ಟಿಯಲ್ಲಿ ಕರಾವಳಿಯ ಪ್ರಾಧ್ಯಾಪಕರು.' ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಅಂಕಿಗಳಿಂದ ಮಾಡುವ ಪಟ್ಟಿ ಅದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಯಾರನ್ನೂ ಕರೆದು ಶಾಲು ಹೊದೆಸುವುದಿಲ್ಲ. ಇಡೀ ವೃತ್ತಿಯದಕ್ಕೆ ಒಂದು ಪಟ್ಟಿ, ಒಂದೇ ವರ್ಷದ್ದಕ್ಕೆ ಇನ್ನೊಂದು. ಸ್ವಂತ ಉಲ್ಲೇಖ ತೆಗೆದರೆ ಎಷ್ಟು ಉಳಿಯುತ್ತದೆ ಎಂಬುದೂ ಅದರಲ್ಲಿ ಇರುತ್ತದೆ. ನಾನಾದರೆ ಮೊದಲು ನೋಡುವುದು ಆ ಕಾಲಂ.

ಲೆಕ್ಕ ಹುಟ್ಟುಹಾಕಿದವರಿಗೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಎಚ್-ಇಂಡೆಕ್ಸ್ ಕೆಟ್ಟ ಪರಿಣಾಮವನ್ನೂ ಮಾಡಬಲ್ಲದು ಎಂದು 2020ರಲ್ಲಿ ಹರ್ಷ್ ಅವರೇ ಬರೆದರು. ಲೋರ್ನಾ ವಿಂಗ್ ಕೂಡ 2005ರಲ್ಲಿ, ತಾವು ಚಾಲ್ತಿಗೆ ತಂದ ಆಸ್ಪರ್ಗರ್ ಹೆಸರಿನ ಬಗ್ಗೆ ಹಿಂದಿರುಗಿ ನೋಡಿ ಬರೆದರು. ಅದು ಬೇರೆಯೇ ಕಾಯಿಲೆ ಎಂದು ಜನ ತಿಳಿಯುವುದು ಅವರಿಗೆ ಬೇಕಿರಲಿಲ್ಲ. 2013ರ ಅಮೆರಿಕನ್ ಕೈಪಿಡಿ ಆ ಹೆಸರನ್ನು ಬಿಟ್ಟು, ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ತಂದಿತು.

ಅತ್ತಿಗೆಗೆ ಬೇಕಾದ ಸಂಖ್ಯೆ ಬೇರೆ

ಇಷ್ಟೆಲ್ಲ ಕೇಳಿದ ಮೇಲೆ ಅತ್ತಿಗೆ ಕೇಳಿದ್ದು ಒಂದೇ. "ಹಾಗಾದ್ರೆ ಅವರಿಗೆ ಮಗುವನ್ನು ತೋರಿಸ್ಬೇಕಾ, ಬೇಡ್ವಾ?"

ಆ ಪ್ರೊಫೆಸರ್ ಚಿಕಿತ್ಸೆ ಕೊಡುವ ವೈದ್ಯರೋ, ಲ್ಯಾಬಿನಲ್ಲಿ ಜೀನ್ ಪರೀಕ್ಷಿಸುವವರೋ ಆಹ್ವಾನದಲ್ಲಿ ಇರಲಿಲ್ಲ. ಇಲಿಗಳ ಮೇಲೆ ಸಂಶೋಧನೆ ಮಾಡಿ ದೊಡ್ಡ ಎಚ್-ಇಂಡೆಕ್ಸ್ ಪಡೆದವರು ಒಂದೇ ಒಂದು ಮಗುವನ್ನು ಪರೀಕ್ಷಿಸದಿರಬಹುದು. ದಿನಾ ಹತ್ತು ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್ ಒಂದೂ ಲೇಖನ ಬರೆಯದಿರಬಹುದು. ಅವರ ಎಚ್-ಇಂಡೆಕ್ಸ್ ಸೊನ್ನೆ.

ಉಪಕರಣಗಳಲ್ಲೂ ಹೀಗೇ. ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವುದು 'ಐಎಸ್‌ಎಎ' ಎಂಬ ಭಾರತೀಯ ಮಾಪಕ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ತಯಾರಾದದ್ದು. ಅದರಲ್ಲಿ 40 ಅಂಶ. ಕಣ್ಣಿಗೆ ಕಣ್ಣು ಕೊಡುತ್ತದೆಯಾ, ಹೇಳಿದ್ದನ್ನೇ ಮತ್ತೆ ಹೇಳುತ್ತದೆಯಾ, ನೋವಾದರೆ ಗೊತ್ತಾಗುತ್ತದೆಯಾ ಎಂಬಂಥವು. ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಜಗತ್ತಿನ ಲೇಖನಗಳಲ್ಲಿ ಇದಕ್ಕೆ ಎಡಿಒಎಸ್‌ನಷ್ಟು ಉಲ್ಲೇಖ ಇಲ್ಲ. ಆದರೆ ಬ್ರಹ್ಮಾವರದ ಮನೆಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬರುವುದಾದರೆ ಈ ಅಂಕದ ಮೇಲೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಸವಲತ್ತು ಸಿಗುವುದು ಆ ಕಾರ್ಡ್ ತೋರಿಸಿದರೆ.

ಉಪನ್ಯಾಸಕ್ಕೆ ಹೋಗಬೇಡಿ ಎಂದು ನಾನು ಹೇಳಲಿಲ್ಲ. ಹೋದರೆ ಒಳ್ಳೆಯದೇ, ಕೇಳಲು ಪ್ರಶ್ನೆ ಇಟ್ಟುಕೊಂಡು ಹೋಗಿ ಅಂದೆ. ನಿಮ್ಮ ಸಂಶೋಧನೆ ಯಾವುದರ ಮೇಲೆ? ಎಷ್ಟು ಮಕ್ಕಳನ್ನು ನೋಡಿ ಹೇಳಿದ್ದು? ಬೇರೆಯವರು ಮಾಡಿದಾಗಲೂ ಅದೇ ಫಲ ಬಂತಾ? ಅತ್ತಿಗೆ ಬರೆದುಕೊಂಡರು. ಪೆನ್ನು ಹುಡುಕುವ ಸದ್ದು, "ಕ್ಯಾಲೆಂಡರಿನ ಹಿಂದೆ ಬರೀತೇನೆ, ತಡಿ" ಎಂಬ ಮಾತು ಕೇಳಿಸಿತು. ಹಿಂದೆ ಎಲ್ಲೋ ಫ್ಯಾನ್ ಸದ್ದು. ಮಗು ಇನ್ನೂ ಮಲಗಿರಲಿಲ್ಲ.

"ಉಪನ್ಯಾಸ ಶನಿವಾರ ಅಲ್ವಾ?" ಅಂದೆ.

"ಅದು ಶನಿವಾರ. ಡಾಕ್ಟರದ್ದು ಮಂಗಳವಾರ. ಮನೇಲಿ ಹೇಗಿರ್ತಾನೆ ಅಂತ ವಿಡಿಯೋ ಮಾಡಿಕೊಂಡು ಬರ್ಲಿಕ್ಕೆ ಹೇಳಿದ್ದಾರೆ. ಈ ಫೋನಲ್ಲಿ ಅದು ಹೇಗೆ ಮಾಡೋದು, ಅದನ್ನು ಹೇಳು ಮೊದಲು."